ಕುರ್ಚಿಗೆ ಹೇಳಿದ ಭವಿಷ್ಯ

ಮುಂಬಯಿಗೆ ಬಂದ ಹೊಸದರಲ್ಲಿ ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಹಂಗಾಮಿ ಗುಮಾಸ್ತ. ಕಾಯಂ ಆಗದಿದ್ದರೆ ಧಾರವಾಡದ ಗಾಡಿ ಹತ್ತಬೇಕು, ಅಪ್ಪನ ಮುಖ ನೋಡಬೇಕು. ಕಾಯಂ ಮಾಡಿಸುವ ಶಿಫಾರಸು ಇದ್ದದ್ದು ಹೆಡ್‌ಕ್ಲರ್ಕ್ ರಾಯರ ಬಾಯಲ್ಲಿ. ನನ್ನ ದುರ್ದೈವಕ್ಕೆ ರಾಯರು ಅಂಧೇರಿಯ ನಮ್ಮ ಚಾಳಿನಲ್ಲೇ, ನನ್ನ ತಲೆಯ ಮೇಲಿನ ಖೋಲಿಯಲ್ಲೇ ಇದ್ದರು.

ಚಾಳಿನ ಗಣೇಶೋತ್ಸವದಲ್ಲಿ ಮರಾಠಿ ನಾಟಕಕ್ಕೂ ಗುಜರಾತಿ ಭಜನೆಗೂ ನಡುವೆ ಕನ್ನಡದವರಿಗೆ ಅರ್ಧ ಗಂಟೆ ಸಿಗುತ್ತಿತ್ತು. ಇಂಗ್ಲಿಷ್ ಬಿ.ಎ.ಯನ್ನು ಮೂರನೇ ದರ್ಜೆಯಲ್ಲಿ ಪಾಸಾದ ಸೊಕ್ಕಿನಲ್ಲಿ ನಾನು ಒಂದು ಇಂಗ್ಲಿಷ್ ದುರಂತ ನಾಟಕದ ಮೊದಲ ಅಂಕವನ್ನಷ್ಟೇ ಕನ್ನಡಕ್ಕೆ ಎಳೆದು ತಂದೆ. ಗೆದ್ದು ಬರುವ ಸೇನಾಪತಿಗೆ ಮೂವರು ಮಾಟಗಾತಿಯರು ‘ನೀನು ರಾಜನಾಗುತ್ತೀ’ ಎನ್ನುತ್ತಾರೆ. ಅವನ ತಲೆ ಕೆಡುತ್ತದೆ. ನಂಬಿ ಮನೆಗೆ ಬಂದ ರಾಜನನ್ನು ಕೊಲ್ಲಲು ಗಂಡ ಹೆಂಡತಿ ನಿಶ್ಚಯಿಸುವಲ್ಲಿಗೆ ಅಂಕ ಮುಗಿಯುತ್ತದೆ. ಕೊಲೆ ಮುಂದಿನ ಅಂಕದಲ್ಲಿ. ಪಾಪದ ಯೋಚನೆ ಮಾತ್ರ, ರಕ್ತದ ಖರ್ಚಿಲ್ಲ. ನಮ್ಮಂಥ ಗುಮಾಸ್ತರಿಗೆ ಹೇಳಿ ಮಾಡಿಸಿದ್ದು.

ಸೇನಾಪತಿ ನಾನು. ರಾಜ, ಬೇರೆ ಯಾರು, ರಾಯರು.

“ತಮ್ಮಾ, ಈ ನಾಟಕದ ನೀತಿ ಏನು ಹೇಳು? ಮಂದಿ ಕುರ್ಚಿಗೆ ಆಶಾ ಪಡಬಾರದು,” ಎನ್ನುವರು ರಾಯರು. ಅದೇ ಉಸಿರಿನಲ್ಲಿ, “ದೀಪಾವಳಿಗೆ ಸುಪರಿಂಟೆಂಡೆಂಟ್ ಸಾಹೇಬ್ರು ರಿಟೈರ್ ಆಗ್ತಾರ. ಆ ಟೇಬಲ್ಲಿನ ಗಾಜು ಬದಲಿಸಬೇಕು ನೋಡು, ಭಾಳ ಗೀರು ಬಿದ್ದಾವ.”

ತಾಲೀಮಿನ ಮೊದಲ ದಿನವೇ ತಕರಾರು ಎದ್ದಿತು.

“ಅಲ್ಲೋ, ರಾಜಾ ನಾ. ಭವಿಷ್ಯ ನಿನಗ್ಯಾಕ ಹೇಳತಾವ ಅವು?”

“ನಾಟಕ ಹಾಂಗದರಿ ರಾಯರ.”

“ಹಾಂಗಿದ್ರ ತಿದ್ದು. ಆಫೀಸ್ ಮಂದಿ ಎಲ್ಲಾ ಬರತಾರ. ಹಂಗಾಮಿ ಗುಮಾಸ್ತಗ ನೀ ರಾಜಾ ಆಗ್ತಿ ಅಂತ ಹೇಳೂದನ್ನ ನಾ ಪರದೆ ಹಿಂದ ನಿಂತು ಕೇಳಬೇಕೇನು?”

ಬೆನ್ನುಮೂಳೆ ಇದ್ದವನು ಅಲ್ಲಿಂದ ಎದ್ದು ಹೋಗುತ್ತಿದ್ದ. ನಾನು ಪೆನ್ಸಿಲ್ ಕೇಳಿದೆ. ಮಾಟಗಾತಿಯರು ಈಗ ರಾಜನಿಗೇ ‘ನೀನು ಚಕ್ರವರ್ತಿ ಆಗುತ್ತೀ, ಈ ಸಿಂಹಾಸನ ನಿನ್ನದೇ’ ಎನ್ನತಕ್ಕದ್ದು ಎಂದಾಯಿತು. ಎರಡನೇ ವಾಕ್ಯ ರಾಯರ ಸ್ವಂತ ರಚನೆ.

ನನ್ನ ಹೆಂಡತಿಯ ಪಾತ್ರಕ್ಕೆಂದು ಮೀಸೆ ಬೋಳಿಸಿಕೊಂಡಿದ್ದ ಗೆಳೆಯ ಕೇಳಿದ: “ಭವಿಷ್ಯ ಅವರಿಗೆ ಹೇಳಿದ್ರ, ಅವರನ್ನ ಕೊಲ್ಲು ಅಂತ ನಾ ನಿನಗ ಯಾಕ ಹೇಳಬೇಕೋ?”

“ಹೊಟ್ಟೆಕಿಚ್ಚಿಗೆ ಹೇಳು,” ಎಂದೆ. ಜಗತ್ತಿನ ದೊಡ್ಡ ನಾಟಕವೊಂದು ಹೀಗೆ ನಮ್ಮ ಖೋಲಿಯಲ್ಲಿ ಸತ್ತಿತು.

ಇನ್ನು ಮಾಟಗಾತಿಯರು. ಹೆಂಡತಿಯರ ಸೀರೆ ಉಟ್ಟ ಮೂವರು ಗುಮಾಸ್ತರಿಗೆ, ನಮ್ಮ ಮುಖಕ್ಕೆ ಬಣ್ಣ ಬಳಿದ ಮೇಲೆ, ರಾಜ ಯಾರು, ಸೇನಾಪತಿ ಯಾರು ತಿಳಿಯುತ್ತಿರಲಿಲ್ಲ. “ಮಾರಿ ನೋಡಬ್ಯಾಡ್ರಿ. ಸಿಂಹಾಸನದ ಮ್ಯಾಲೆ ಯಾರ ಕೂತಿರತಾರೋ ಅವರಿಗೆ ಕೈ ಮುಗದು ಹೇಳ್ರಿ,” ಎಂದು ಅಪ್ಪಣೆ ಕೊಟ್ಟೆ. ನನ್ನ ಪ್ರತಿಭೆಗೆ ನಾನೇ ಬೆರಗಾದೆ.

ನಾಟಕದ ದಿನ ಮುಖ್ಯ ಅತಿಥಿ ಕನ್ನಡ ಬಾರದ ನಮ್ಮ ಸುಪರಿಂಟೆಂಡೆಂಟ್ ಸಾಹೇಬರು. ಮುಖ್ಯ ಅತಿಥಿಗೆ ಒಪ್ಪುವ ಹಾಗೆ ತಡವಾಗಿ, ನಾಟಕದ ನಟ್ಟನಡುವೆ ಬಂದರು. ನಮ್ಮ ಪದ್ಧತಿ ಗೊತ್ತಲ್ಲ, ಆಟ ಅಲ್ಲೇ ನಿಲ್ಲಿಸಿ ಅತಿಥಿಯನ್ನು ರಂಗಕ್ಕೆ ಹತ್ತಿಸಿ ಹಾರ ಹಾಕಬೇಕು. ರಂಗದ ಮೇಲಿದ್ದದ್ದು ಒಂದೇ ಕುರ್ಚಿ, ಅದರಲ್ಲಿ ಕಿರೀಟ ತೊಟ್ಟ ರಾಯರು. ಸಾಹೇಬರ ಬೂಟು ಕಂಡದ್ದೇ ತಡ, ರಾಯರು ಸ್ಪ್ರಿಂಗಿನಂತೆ ಎದ್ದು, “ಯಾ ಸಾಹೇಬ್, ಬಸಾ, ಬಸಾ!” ಎಂದು ಮರಾಠಿಯಲ್ಲಿ ಉಪಚರಿಸಿ, ರಾಜನಿಲುವಂಗಿಯಿಂದಲೇ ಸಿಂಹಾಸನದ ಧೂಳು ಒರೆಸಿದರು.

ಸಾಹೇಬರು ಕೂತರು. ಹಾರ ಬಿತ್ತು. ಏಳಲಿಲ್ಲ. ಮೇಲಿನಿಂದ ನೋಟ ಚೆನ್ನಾಗಿತ್ತೋ ಏನೋ. ಏಳಿ ಎನ್ನಲು ರಾಯರು ನನ್ನ ಮುಖ ನೋಡಿದರು, ನಾನು ರಾಯರ ಮುಖ ನೋಡಿದೆ. ಅತ್ತ ಭಜನೆಯವರು ತಾಳ ಕುಟ್ಟತೊಡಗಿದರು. ಹೊತ್ತಾಯಿತೆಂದು ಮಾಟಗಾತಿಯರು ನುಗ್ಗಿ ಬಂದು, ನಾನು ಹೇಳಿಕೊಟ್ಟಂತೆಯೇ, ಕುರ್ಚಿಯಲ್ಲಿದ್ದವರಿಗೆ ಕೈಮುಗಿದು ಕಿರುಚಿದರು: “ನೀ ಚಕ್ರವರ್ತಿ ಆಗ್ತೀ! ಈ ಸಿಂಹಾಸನ ನಿಂದಽ!”

ಚಕ್ರವರ್ತಿ, ಸಿಂಹಾಸನ ಮರಾಠಿಯಲ್ಲೂ ಅವೇ ಶಬ್ದ. “ವಾ! ಛಾನ್!” ಎಂದು ಸಾಹೇಬರು ಹಿಗ್ಗಿದರು. ಸಭೆ ಸಿಳ್ಳೆ ಹೊಡೆಯಿತು. ನಿಜವಾದ ರಾಜ ಸಾಹೇಬರಿಗೆ ಕೊಟ್ಟ ತೆಂಗಿನಕಾಯಿ ಹಿಡಿದುಕೊಂಡು ಪಕ್ಕದಲ್ಲಿ ಆಫೀಸಿನ ಜವಾನನಂತೆ ನಿಂತಿದ್ದ.

ಗಣಪತಿಯ ಎದುರಿಗೇ ಬಂದ ಮಾತೆಂದು ಸಾಹೇಬರು ನಂಬಿಬಿಟ್ಟರು. ಮರುವಾರವೇ ಮೇಲಿನವರ ಹತ್ತಿರ ಹೋಗಿ ಇನ್ನೊಂದು ವರ್ಷದ ಎಕ್ಸ್‌ಟೆನ್ಷನ್ ಗಿಟ್ಟಿಸಿಕೊಂಡರು. ಆ ಖುಷಿಯಲ್ಲಿ ನನ್ನನ್ನೂ ರಾಯರನ್ನೂ ಒಳಗೆ ಕರೆದು, ಈ ಹುಡುಗನನ್ನು ಕಾಯಂ ಮಾಡೋಣವೇ ಎಂದು ರಾಯರನ್ನು ಕೇಳಿದರು. ನಾನು ಆಗಲೇ ಮನಸ್ಸಿನಲ್ಲಿ ಪೇಢೆ ಹಂಚುತ್ತಿದ್ದೆ.

ಹುಡುಗ ಜಾಣ, ಆದರೆ ಮಹತ್ವಾಕಾಂಕ್ಷಿ ಎಂದರು ರಾಯರು, ಕಾಯಿಲೆಯ ಹೆಸರು ಹೇಳುವ ದನಿಯಲ್ಲಿ. ಸಾಹೇಬರ ನಗು ಆರಿತು. ಕೈ ತಾನಾಗಿ ಕುರ್ಚಿಯ ತೋಳು ಹಿಡಿಯಿತು. ಇನ್ನೊಂದು ವರ್ಷ ಹಂಗಾಮಿಯೇ ಇರಲಿ ಎಂದರು.

ಹೊರಗೆ ಬಂದ ಮೇಲೆ ರಾಯರು, “ನೀತಿ ತಿಳೀತೇನು ತಮ್ಮಾ?” ಎಂದರು.

“ತಿಳೀತ್ರಿ ರಾಯರ.”

“ಹಂಗಾರ ಒಂದು ಚಾ ತಗೊಂಡು ಬಾ.”

ಹೋಗಿ ತಂದೆ. ಜಿನೆಯ ಮೆಟ್ಟಿಲ ಮೇಲೆ ನಿಂತು ಚಹಾದಲ್ಲಿ ಉಗುಳಬೇಕೆಂದು ಬಹಳ ಹೊತ್ತು ಯೋಚಿಸಿದೆ. ಅಷ್ಟು ಧೈರ್ಯವೂ ಬರಲಿಲ್ಲ. ಕಪ್ಪಿನ ಕೆಳಗಿನ ಬಸಿಗೆ ಒಂದು ಗುಟುಕು ಸುರಿದು ನಾನೇ ಕುಡಿದೆ. ಉಳಿದದ್ದನ್ನು ಒಯ್ದು ರಾಯರ ಮುಂದಿಟ್ಟು, ಬಸಿ ಒರೆಸಿದೆ.