ಕೊಚ್ಚಿಯ ಸರದಿ

ನಾನು ಚೆಸ್ ಕಲಿತದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಗಂಡನ ಜೊತೆ ಮಾತಾಡುವುದಕ್ಕಾಗಿ. ಹೇಳಿದರೆ ಜನ ನಗುತ್ತಾರೆ. ಮದುವೆಯಾಗಿ ಹದಿನಾರು ವರ್ಷವಾದ ಮೇಲೆ ಮಾತಾಡಲು ಮೂವತ್ತೆರಡು ಕಾಯಿ ಬೇಕಾಯಿತೇ ಎನ್ನುತ್ತಾರೆ. ಬೇಕಾಯಿತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಅವರಿಗೆ ಬಡ್ತಿ ಸಿಕ್ಕಿ ಕೊಚ್ಚಿಯಿಂದ ತಿರುವನಂತಪುರಕ್ಕೆ ವರ್ಗವಾಯಿತು. ನಾನು ಕೊಚ್ಚಿಯಲ್ಲೇ ಉಳಿದೆ. ನಮ್ಮ ಕಾಸರಗೋಡಿನ ಕಡೆಯಿಂದ ಮೇಲ್ಮನವಿಯ ಜೊತೆ ಇಲ್ಲಿನ ಹೈಕೋರ್ಟಿಗೆ ಬರುವ ಕನ್ನಡದ ದಸ್ತಾವೇಜು, ಸಾಕ್ಷಿ ಹೇಳಿಕೆಗಳನ್ನು ಇಂಗ್ಲಿಷಿಗೆ ಮಾಡುವುದು ನನ್ನ ಕೆಲಸ. ಆ ಕೆಲಸ ತಿರುವನಂತಪುರದಲ್ಲಿ ಇರಲಿಲ್ಲ, ಹಾಗಾಗಿ ನನಗೆ ವರ್ಗವೂ ಇಲ್ಲ. ಮಕ್ಕಳಿಲ್ಲದ ಮನೆ. ಎರಡು ವಾರಕ್ಕೊಮ್ಮೆ ಶನಿವಾರ ಅವರು ರೈಲಿನಲ್ಲಿ ಬಂದು, ಭಾನುವಾರ ಸಂಜೆ ಒಗೆದ ಬಟ್ಟೆ ತುಂಬಿಕೊಂಡು ಹೊರಡುತ್ತಿದ್ದರು.

ನಡುವೆ ಫೋನು. “ಊಟ ಆಯ್ತಾ?” “ಆಯ್ತು. ನಿಮ್ಮದು?” “ಆಯ್ತು.” ಆಮೇಲೆ ಇಬ್ಬರೂ ಫೋನು ಕಿವಿಗೆ ಹಿಡಿದುಕೊಂಡು ಸುಮ್ಮನಿರುವುದು. ಹೀಗೆ ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಅವರೇ ಹೇಳಿದರು: “ನಾವು ಚೆಸ್ ಆಡುವ. ದಿನಕ್ಕೊಂದು ನಡೆ. ಮೊಬೈಲಲ್ಲಿ ಮೆಸೇಜ್ ಹಾಕಿದ್ರಾಯ್ತು. ನಿನಗೂ ಹೊತ್ತು ಹೋಗ್ತದೆ.”

ಅವರು ಕಾಲೇಜಿನಲ್ಲಿ ಚೆಸ್ ಆಡಿ ಕಪ್ ಗೆದ್ದವರೆಂದು ಮದುವೆಯ ಮಾತುಕತೆಯಲ್ಲೇ ಕೇಳಿದ್ದೆ. ಆ ಕಪ್ಪನ್ನು ಯಾರೂ ನೋಡಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವವಳು ನಾನು, ಕಪ್ಪಿನ ಬಗ್ಗೆ ಕೇಳಲಿಲ್ಲ. ಎರಡು ಬೋರ್ಡು ತಂದೆವು. ಯಾವ ಕಾಯಿ ಹೇಗೆ ನಡೆಯುತ್ತದೆಂದು ಅವರು ಅರ್ಧ ಗಂಟೆಯಲ್ಲಿ ತೋರಿಸಿದರು. ಒಂದು ಅವರ ಚೀಲಕ್ಕೆ ಹೋಯಿತು, ಇನ್ನೊಂದು ನಮ್ಮ ಊಟದ ಮೇಜಿನ ಅರ್ಧ ಹಿಡಿಯಿತು.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನನ್ನ ನಡೆ ಕಳಿಸುತ್ತಿದ್ದೆ. ಮಧ್ಯಾಹ್ನ ಒಂದೂಕಾಲರ ಹೊತ್ತಿಗೆ, ಊಟದ ಬಿಡುವಿನಲ್ಲಿ, ಅವರ ಉತ್ತರ ಬರುತ್ತಿತ್ತು. ಅವರದು ಬರೀ ನಡೆ. ನಾನು ಮಾತ್ರ ನಡೆಯ ಕೆಳಗೆ ಒಂದೆರಡು ಸಾಲು ಕನ್ನಡ ಸೇರಿಸುತ್ತಿದ್ದೆ, ಇಂಗ್ಲಿಷ್ ಅಕ್ಷರದಲ್ಲಿ. ಫೋನಿನಲ್ಲಿ ಬಾಯಿಗೆ ಬಾರದ ಮಾತು ಬೆರಳಿಗೆ ಬಂತು. ನಿನ್ನೆ ಊಟಕ್ಕೆ ಮರೆತು ಎರಡು ಬಟ್ಟಲು ಇಟ್ಟೆ ಎಂದು ಒಮ್ಮೆ ಬರೆದೆ. ನಿಮ್ಮ ಹಳೆಯ ನೀಲಿ ಅಂಗಿ ಹಾಕಿಕೊಂಡು ಮಲಗಿದೆ, ನಗಬೇಡಿ ಎಂದು ಇನ್ನೊಮ್ಮೆ ಬರೆದೆ. ಬಸ್ಸಿನಲ್ಲಿ ಪಕ್ಕದವಳು ಮೊಬೈಲಿಗೆ ಇಣುಕಿದರೂ ಮುಚ್ಚುತ್ತಿರಲಿಲ್ಲ. ಈ ಊರಿನಲ್ಲಿ ಯಾರಿಗೆ ಕನ್ನಡ ಬರುತ್ತದೆ? ನಮ್ಮಿಬ್ಬರ ಮಟ್ಟಿಗೆ ಕನ್ನಡವೇ ಬೀಗ ಎಂದುಕೊಂಡಿದ್ದೆ.

ಮೊದಲ ಆಟ ಎರಡು ವಾರದಲ್ಲಿ ಸೋತೆ. ಎರಡನೆಯದರಲ್ಲೂ ಸೋಲುತ್ತಿದ್ದಾಗ ಮೇಲಿನ ಮಹಡಿಯ ಮನೆಯ ಯಜಮಾನರು ಬಾಡಿಗೆಯ ರಸೀದಿ ಕೊಡಲು ಬಂದವರು ಬೋರ್ಡನ್ನು ನೋಡಿ ನಿಂತರು. ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿ ಯಾವ ಹಡಗು ಯಾವ ಕಟ್ಟೆಗೆ ಎಂದು ಗೊತ್ತುಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ನನ್ನನ್ನು ‘ಮೋಳೇ’ ಎಂದು, ಮಗಳನ್ನು ಕರೆದ ಹಾಗೆಯೇ ಕರೆಯುತ್ತಿದ್ದರು. “ಮೋಳೇ, ನೀನು ಆಡುತ್ತಿಲ್ಲ, ಹೊಡೆಯುತ್ತಿದ್ದೀ” ಎಂದರು. ಅವರು ಆಡಿದ್ದೆಲ್ಲ ಮಲಯಾಳವೇ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಅಂದಿನಿಂದ ಭಾನುವಾರ ಬೆಳಿಗ್ಗೆ ಅವರ ಜಗಲಿಯಲ್ಲಿ ಪಾಠ. ಮೊದಲ ವಾರ ಗೊಂದಲವೇ ಗೊಂದಲ. ನಮ್ಮ ಆನೆ ಅವರಿಗೆ ತೇರು, ನಮ್ಮ ಒಂಟೆ ಅವರಿಗೆ ಆನೆ. ಕಾಯಿ ನಡೆಸುವುದನ್ನು ಮಗುವೂ ಕಲಿಯುತ್ತದೆ, ನಲವತ್ತು ದಾಟಿದವರಿಗೆ ಕಷ್ಟವಾಗುವುದು ಕೈ ಕಟ್ಟಿ ಕೂರುವುದು ಎಂದು ಅವರು ಹೇಳುತ್ತಿದ್ದರು. ನನಗೋ ಚೆಕ್ ಕೊಡುವ ಹುಚ್ಚು. ಮಂತ್ರಿಯನ್ನು ಮೂರನೇ ನಡೆಗೇ ಹೊರಗೆ ತಂದು ರಾಜನ ಹಿಂದೆ ಅಟ್ಟಿಸಿಕೊಂಡು ಹೋಗುವುದು, ಎದುರಿನವರು ಒಂದೊಂದು ಕಾಯಿ ಹೊರಗೆ ತರುತ್ತ ನನ್ನ ಮಂತ್ರಿಯನ್ನು ಓಡಿಸುವುದು, ಇದೇ ನನ್ನ ಆಟ. ಅವರು ಅದನ್ನು ಬಿಡಿಸಿದರು. ಸುಮ್ಮನೆ ನಿಂತ ಕಾಯಿ ಯಾವುದು, ಅದಕ್ಕೆ ಎಲ್ಲಿ ಕೆಲಸ ಸಿಗುತ್ತದೆ, ಮೊದಲು ಅದನ್ನು ನೋಡು. ಕಾಲಾಳು ಹಿಂದೆ ಬರುವುದಿಲ್ಲ, ಅದು ಬಿಟ್ಟುಹೋದ ಮನೆಯನ್ನು ಇನ್ನು ಕಾಯುವವರು ಯಾರು ಎಂದು ಕೇಳಿಕೋ. ಎಲ್ಲಕ್ಕಿಂತ ಮೊದಲು, ನಿನಗೆ ಏನು ಬೇಕು ಅನ್ನುವುದನ್ನು ಬಿಟ್ಟು ಎದುರಿನವನಿಗೆ ಏನು ಬೇಕು ಎಂದು ಹುಡುಕು.

ಈ ಕೊನೆಯ ಪಾಠ ನನ್ನ ತಲೆ ಕೆಡಿಸಿತು. ಹದಿನಾರು ವರ್ಷದಲ್ಲಿ ಗಂಡನಿಗೆ ಏನು ಬೇಕೆಂದು ಇಷ್ಟು ಶ್ರದ್ಧೆಯಿಂದ ನಾನು ಯೋಚಿಸಿರಲಿಲ್ಲ. ಮೂರನೆಯ ಆಟದಲ್ಲಿ ಅಂಚಿನ ಒಂದು ಕಾಲಾಳನ್ನು ಅವರು ಒಂಬತ್ತು ದಿನ ಮುಟ್ಟದೆ ಇಟ್ಟು, ಹತ್ತನೆಯ ದಿನ ಒಂದೇ ಹೆಜ್ಜೆ ಮುಂದಿಟ್ಟರು. ನನ್ನ ಅರ್ಧ ಬೋರ್ಡು ಉಸಿರು ಕಟ್ಟಿತು. ನಾನು ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ದೋಸೆ ಮಗುಚುವಷ್ಟು ಹೊತ್ತು ಕಾಯದ ಗಂಡಸು ಒಂದು ಕಾಲಾಳಿಗಾಗಿ ಹತ್ತು ದಿನ ಕಾಯುತ್ತಾನೆ. ಈ ಮನುಷ್ಯನನ್ನು ನಾನು ತಪ್ಪು ತಿಳಿದಿದ್ದೆ, ಇವರೊಳಗೆ ಇಷ್ಟು ತಾಳ್ಮೆ, ಇಷ್ಟು ಮೃದುತನ ಇತ್ತೆಂದು ಗೊತ್ತೇ ಇರಲಿಲ್ಲ ಎಂದುಕೊಂಡೆ. ಹೇಳಲು ನಾಚಿಕೆಯೇನು, ಅವರ ಮೇಲೆ ನನಗೆ ಮತ್ತೆ ಮನಸ್ಸಾಯಿತು. ಶನಿವಾರ ಅವರು ಬಂದಾಗ ಎದುರುಬದುರು ಕೂತು ಆಡುವ ಎಂದು ಬೋರ್ಡು ಎಳೆದರೆ, “ಬೇಡ ಮಾರಾಯ್ತಿ, ವಾರ ಇಡೀ ಅದನ್ನೇ ಯೋಚಿಸಿ ತಲೆ ಬಿಸಿಯಾಗಿ ಉಂಟು” ಎನ್ನುತ್ತಿದ್ದರು. ಅದೂ ನನಗೆ ಪ್ರೀತಿಯಾಗಿಯೇ ಕಂಡಿತು.

ಮನೆಯ ಯಜಮಾನರಿಗೆ ಆ ಮೂರನೆಯ ಆಟದ ನಡೆಗಳನ್ನೆಲ್ಲ ಬರೆದು ತೋರಿಸಿದೆ, ಹೆಮ್ಮೆಯಿಂದ. ಅವರು ಕಾಯಿ ಜೋಡಿಸಿ ಎರಡು ಸಲ ಆಡಿ ನೋಡಿದರು. “ಮೋಳೇ, ಇದು ಒಬ್ಬನ ಆಟವಲ್ಲ. ಇಲ್ಲಿ ಆಡಿದವನು ಕಾಯುತ್ತಾನೆ. ಇಲ್ಲಿ ಆಡಿದವನಿಗೆ ಹಸಿವು. ಇಲ್ಲಿ ಆಡಿದವನಿಗೆ ಆಟವೇ ಬರುವುದಿಲ್ಲ” ಎಂದರು. ನನಗೆ ಉರಿದುಹೋಯಿತು. ಮನುಷ್ಯ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಾನೆಯೇ ಎಂದು ಕೇಳಿ ಎದ್ದು ಬಂದೆ. ಎರಡು ಭಾನುವಾರ ಮೇಲೆ ಹೋಗಲಿಲ್ಲ.

ಹನ್ನೊಂದನೆಯ ಆಟ ನಡೆಯುತ್ತಿದ್ದಾಗ ತಿರುವನಂತಪುರದಲ್ಲಿ ನನಗೆ ಒಂದು ದಿನದ ತರಬೇತಿ ಬಂತು. ಅವರಿಗೆ ಹೇಳಲಿಲ್ಲ. ಪತ್ರೊಡೆ ಅವರಿಗೆ ಜೀವ; ಹಿಂದಿನ ದಿನ ಕೆಸುವಿನೆಲೆ ಹುಡುಕಿ ತಂದು ಮಾಡಿ, ಬೆಳಗಿನ ರೈಲಿನಲ್ಲಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹೋದೆ. ಮಧ್ಯಾಹ್ನ ಬಿಡುವು ಸಿಕ್ಕಿದ್ದೇ ಆಟೋ ಹಿಡಿದು ಅವರ ಕಚೇರಿಗೆ ಹೋದೆ. ಅವರನ್ನು ಮೇಲಧಿಕಾರಿ ಕರೆಸಿದ್ದಾರೆ, ಈಗ ಬರುತ್ತಾರೆ ಎಂದು ಹೇಳಿ ಒಬ್ಬರು ಕುರ್ಚಿ ಎಳೆದರು. ಊಟದ ಮೇಜಿನ ಸುತ್ತ ಆರೇಳು ಜನ. ಟಿಫಿನ್ ಡಬ್ಬಿಗಳ ನಡುವೆ ನಮ್ಮ ಎರಡನೆಯ ಬೋರ್ಡು. ಅದರ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಮಲಯಾಳದಲ್ಲಿ ‘ಕೊಚ್ಚಿಯ ಸರದಿ, ಮುಟ್ಟಬೇಡಿ’ ಎಂದು ಬರೆದಿತ್ತು. ಕಳೆದುಹೋದ ಒಂದು ಕಾಲಾಳಿನ ಜಾಗದಲ್ಲಿ ಪೆನ್ನಿನ ಮುಚ್ಚಳ ನಿಂತಿತ್ತು.

ನಾನು ಯಾರೆಂದು ತಿಳಿದದ್ದೇ ಅವರ ಮುಖವೆಲ್ಲ ಅರಳಿತು. ಕೊಚ್ಚಿ ಚೇಚಿ, ಎಂದರೆ ಕೊಚ್ಚಿಯ ಅಕ್ಕ, ಬಂದರು ಎಂದು ಪಕ್ಕದ ಕೋಣೆಯಿಂದ ಇನ್ನಿಬ್ಬರನ್ನು ಕರೆದರು. ಒಬ್ಬರು ಸಂಭ್ರಮದಿಂದ ವಿವರಿಸಿದರು. ದಿನಾ ಒಂದು ಗಂಟೆಗೆ ಸಾರ್ ಚೇಚಿಯ ನಡೆಯನ್ನು ಓದುತ್ತಾರೆ, ಎಲ್ಲರೂ ಚರ್ಚೆ ಮಾಡಿ ಉತ್ತರ ಕಳಿಸುತ್ತಾರೆ. ಸಾರ್‌ಗೆ ಮೊದಲ ಹತ್ತು ನಡೆ ಮಾತ್ರ ಗೊತ್ತು, ಆಮೇಲೆ ಹೆಚ್ಚಾಗಿ ಆ ಕಿಟಕಿಯ ಪಕ್ಕದವರೇ ನೋಡಿಕೊಳ್ಳುತ್ತಾರೆ. ಅಷ್ಟು ಹೇಳಿ, ತುಂಬ ಆಪ್ತವಾಗಿ ನನ್ನ ಕಡೆ ಬಗ್ಗಿ ಕೇಳಿದರು: “ಚೇಚಿ ಈಗಲೂ ದಿನಾ ಎರಡು ಬಟ್ಟಲು ಇಡುತ್ತೀರಾ?”

ಇನ್ನೊಬ್ಬ ನೀಲಿ ಷರ್ಟು ಎಂದು ಏನೋ ಹೇಳಹೊರಟ. ಪಕ್ಕದವನು ಅವನ ಕಾಲು ತುಳಿದ.

ನಾನು ಡಬ್ಬಿಯನ್ನು ಹಿಡಿದುಕೊಂಡೇ ಕೂತೆ. ಅವರು ಕೆಟ್ಟವರಲ್ಲ; ಕೆಟ್ಟವರಾಗಿದ್ದರೆ ಬಾಯಿಗೆ ಬಂದ ಹಾಗೆ ಬೈಯಬಹುದಿತ್ತು. ಅವರಿಗೆ ಕನ್ನಡದ ಒಂದಕ್ಷರ ಬಾರದು. ನಾನು ಬರೆದ ಒಂದೊಂದು ಸಾಲನ್ನೂ ನನ್ನ ಗಂಡ ಕೆಲಸ ಬಿಟ್ಟು ಕೂತು ಮಲಯಾಳಕ್ಕೆ ಮಾಡಿ ಹೇಳಿದ್ದರು. ಅನುವಾದದಲ್ಲೇ ಅನ್ನ ತಿನ್ನುವವಳು ನಾನು, ಪ್ರತಿ ಹಾಳೆಯ ಕೆಳಗೆ ಇದು ಮೂಲಕ್ಕೆ ಸರಿಯಾಗಿದೆ ಎಂದು ಸಹಿ ಹಾಕುವವಳು. ಒಮ್ಮೆ ಮರೆತು ಇಟ್ಟ ಬಟ್ಟಲನ್ನು ಅವರು ದಿನಾ ಇಡುವ ಬಟ್ಟಲು ಮಾಡಿದ್ದರು, ನಗು ಹೆಚ್ಚು ಬರಲೆಂದು. ನನಗೆ ಅಸಹ್ಯವಾಯಿತು. ಅವರ ಮೇಲೆ, ಆಮೇಲೆ ನನ್ನ ಮೇಲೆ.

ಕಿಟಕಿಯ ಪಕ್ಕದವನು ಮೂವತ್ತೈದರ ಸಣಕಲು ಮನುಷ್ಯ. ಅವನೊಬ್ಬನೇ ತಲೆ ಎತ್ತಿರಲಿಲ್ಲ. ಮೂರನೆಯ ಆಟದ ಆ ಅಂಚಿನ ಕಾಲಾಳು ನಿಮ್ಮದಾ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದ. ನನಗೆ ಮನಸ್ಸಾದದ್ದು ಯಾರ ತಾಳ್ಮೆಯ ಮೇಲೆ ಎನ್ನುವುದು ಅಲ್ಲಿಗೆ ಗೊತ್ತಾಯಿತು.

ಅಷ್ಟರಲ್ಲಿ ಗಂಡ ಬಂದರು. “ಓ, ಬಂದ್ಯಾ? ಹೇಳುದಲ್ವಾ?” ಎಂದು ನಕ್ಕು, ಮೊದಲು ಡಬ್ಬಿ ತೆಗೆದು ಮೂಸಿದರು. ಆಟ ಇಲ್ಲೇ ಮುಗಿಸಲಿ ಎಂದು ಮೇಜಿನವರೆಲ್ಲ ಹಟ ಹಿಡಿದರು. ಆಯಿತು ಎಂದೆ. ಐದು ದಿನದಿಂದ ನನ್ನ ಕುದುರೆ ಹಿಂದೆ ಹಿಂದೆ ಹೋಗುತ್ತಿತ್ತು. ಚೇಚಿ ಹೆದರಿದ್ದಾರೆ ಎಂದು ಅವರೆಲ್ಲ ನಕ್ಕಿದ್ದರಂತೆ. ಅದು ಸುತ್ತಿಕೊಂಡು ಹೊರಟದ್ದು ಅವರ ರಾಜನ ಮಗ್ಗುಲಿನ ಒಂದು ಮನೆಗೆ, ಯಾವ ಕಾಲಾಳೂ ಬಂದು ಅದನ್ನು ಎಬ್ಬಿಸಲಾಗದ ಮನೆಗೆ. ಅಲ್ಲಿ ತಂದು ಕೂರಿಸಿದೆ. ಕಿಟಕಿಯ ಪಕ್ಕದವನಿಗೆ ತಕ್ಷಣ ಗೊತ್ತಾಯಿತು, ಉಳಿದವರಿಗೆ ಆಗಲಿಲ್ಲ. ಏಳು ನಡೆಯ ಹೊತ್ತಿಗೆ ಅವರ ಆನೆಗೆ ಹೋಗಲು ಜಾಗವಿರಲಿಲ್ಲ. ಅವನು ರಾಜನನ್ನು ಮೆಲ್ಲಗೆ ಮಲಗಿಸಿ, ತನ್ನ ಡಬ್ಬಿ ತೊಳೆಯಲು ಎದ್ದು ಹೋದ.

ನನ್ನ ಜೀವನದಲ್ಲಿ ನಾನು ಗೆದ್ದ ಮೊದಲ ಆಟ ಅದು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡ ಪತ್ರೊಡೆ ಜಗಿಯುತ್ತ ಮಲಯಾಳದಲ್ಲಿ ಎಲ್ಲರಿಗೂ ಹೇಳಿದರು: “ನಾನೇ ಕಲಿಸಿದ್ದು.”

ಕೆಳಗೆ ಬಿಡಲು ಬಂದಾಗ ಮೆಟ್ಟಿಲ ಮೇಲೆ ಕೇಳಿದೆ: “ನಾನು ಬರೆದದ್ದನ್ನೆಲ್ಲ ಅವರಿಗೆ ಓದಿ ಹೇಳಿದ್ದೀರಾ?”

“ಎಲ್ಲ ಅಲ್ಲ. ನಗು ಬರುವಂಥದ್ದು ಮಾತ್ರ. ಅದರಲ್ಲಿ ಎಂತ ಉಂಟು? ಅವರೆಲ್ಲ ನಮ್ಮವರೇ.”

ಅವರ ಮುಖ ನೋಡಿದೆ. ಅಲ್ಲಿ ಕಪಟವಿರಲಿಲ್ಲ, ತಪ್ಪು ಮಾಡಿದೆನೆಂಬ ಅಳುಕೂ ಇರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಒಂದೂವರೆ ವರ್ಷ ನಾನು ಮಾಡಿದ್ದು ಅದನ್ನೇ. ಆಟೋ ಬಂತು, ಹತ್ತಿದೆ.

ಮುಂದಿನ ಭಾನುವಾರ ಜಗಲಿಗೆ ಹೋಗಿ, ನೀವು ಹೇಳಿದ್ದು ಸರಿ, ಒಬ್ಬನ ಆಟವಲ್ಲ ಎಂದೆ. ಮನೆಯ ಯಜಮಾನರು ಕಾಯಿ ಜೋಡಿಸಿದರು.

ಹನ್ನೆರಡನೆಯ ಆಟ ಶುರುವಾಯಿತು. ಆಟ ಬಿಡುವುದಕ್ಕೆ ನನಗೆ ಮನಸ್ಸಿರಲಿಲ್ಲ. ಎದುರಿನವನಿಗೆ ಏನು ಬೇಕೆಂದು ಹುಡುಕುವುದನ್ನು ಕಲಿತಿದ್ದೆನಲ್ಲ, ಇನ್ನೊಮ್ಮೆ ನೋಡಿಬಿಡೋಣ ಎನ್ನಿಸಿತು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರಂತೆ, ನಡೆಯ ಕೆಳಗಿನ ಕನ್ನಡವನ್ನು ನಿಲ್ಲಿಸಿದೆ. ಬರೀ ಒಂದು ಅಕ್ಷರ, ಒಂದು ಅಂಕಿ. ಇವರು ಯಾವಾಗ ಕೇಳುತ್ತಾರೆ ಎಂದು ಕಾದೆ. ಒಂಬತ್ತು ದಿನ ಕಾದೆ, ತಿಂಗಳು ಕಾದೆ, ಎರಡು ತಿಂಗಳು ಕಾದೆ.

ಒಂದು ಶನಿವಾರ ಊಟಕ್ಕೆ ಕೂತಾಗ ಅವರು ಸಾರು ಕಲಸುತ್ತ ಹೇಳಿದರು: “ನಮ್ಮ ಆಫೀಸಿನವರು ಕೇಳ್ತಾ ಇದ್ರು. ಚೇಚಿ ಈಗ ಎಂತದೂ ಬರೆಯುದಿಲ್ವಾ, ಬರೀ ನಡೆ ಮಾತ್ರವಾ ಅಂತ. ಹೌದಾ? ನೀನು ಬರೆಯುದಿಲ್ವಾ?”

“ನಿಮಗೆ ಗೊತ್ತಾಗ್ಲಿಲ್ವಾ?”

“ನನಗೆಂತ ಗೊತ್ತು. ನಡೆ ಸರಿಯಾಗಿ ಬರ್ತಾ ಉಂಟಲ್ಲ.”

ಇನ್ನು ಈ ಆಟ ಸಾಕು, ನಿಲ್ಲಿಸುವ ಎಂದೆ.

ಅವರ ಕೈ ಅನ್ನದಲ್ಲೇ ನಿಂತಿತು. ಹದಿನೆಂಟು ವರ್ಷದಲ್ಲಿ ನನ್ನ ಒಂದು ಮಾತಿಗೆ ಅವರು ಅಷ್ಟು ಗಾಬರಿಯಾದದ್ದನ್ನು ನಾನು ನೋಡಿರಲಿಲ್ಲ.

“ಏ, ಹಾಗೆ ಮಾಡ್ಬೇಡ” ಎಂದರು. “ಅವರಿಗೆಲ್ಲ ಬೇಜಾರಾಗ್ತದೆ.”