ರಸ್ತೆ ಪಕ್ಕದ ಬಿಳಿ ಪಟ್ಟಿ

ನಾನು ಮದುವೆಯಾಗಿ ಬಂದ ಮುಂಗಾರಿನಲ್ಲೇ ನಮ್ಮ ಹೊಲದ ಮೆಕ್ಕೆಜೋಳ ಬಿಳಿಚಿಕೊಂಡಿತು. ಎಳೆ ಎಲೆಗಳ ಮೇಲೆ ಸುಣ್ಣ ಬಳಿದಂತೆ ಪಟ್ಟೆಗಳು. ಮಾವ ಬದುವಿನ ಮೇಲೆ ನಿಂತು, ದಾರಿಯಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ, "ಸೊಸಿ ಕಾಲ್ಗುಣ ಛಲೋ ಇಲ್ಲ" ಎಂದರು. ಚಿಗಟೇರಿಯ ನನ್ನ ತವರಿಗೂ ಹೇಳಿ ಕಳಿಸಿದರು. ಅವ್ವ ಆಮೇಲೆ ನಮ್ಮ ಮನೆಯ ಹೊಸ್ತಿಲು ತುಳಿಯಲೇ ಇಲ್ಲ. ನಾನೂ ಹೊಲಕ್ಕೆ ಇಳಿಯುವಂತಿರಲಿಲ್ಲ, ಬುತ್ತಿಯನ್ನು ಬದುವಿನ ಮೇಲಿಟ್ಟು ಕೂರಬೇಕಿತ್ತು.

ನನಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ಕೂತವಳಿಗೆ ನೋಡುವುದೊಂದೇ ಕೆಲಸ, ನೋಡಿದೆ. ಹೊಲದ ಕೆಳತುದಿಯಲ್ಲಿ ಬೆಳೆ ಕಡುಹಸಿರು, ಮೇಲೆಲ್ಲ ಬಿಳಿ. ನನ್ನ ಕಾಲು ಕೆಳತುದಿಗೆ ಮಾತ್ರ ಯಾಕೆ ತಟ್ಟಲಿಲ್ಲ? ಮದುವೆಗೆ ಸ್ವಲ್ಪ ಮುಂಚೆ ಮಾವ ಜೆಸಿಬಿ ತರಿಸಿ ಹೊಲ ಸಮ ಮಾಡಿಸಿದ್ದರು. ಮೇಲ್ಮಣ್ಣೆಲ್ಲ ಕೆಳತುದಿಗೆ ಹೋಗಿ, ಉಳಿದ ಕಡೆ ಅಡಿಯ ಸುಣ್ಣದ ಹರಳು ಎದ್ದಿತ್ತು.

ಗಂಡನಿಂದ ಎರಡೂ ಕಡೆಯ ಮಣ್ಣು ತೆಗೆಸಿ, ಕಟ್ಟಿಕೊಂಡು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಹೋದೆವು. ಮಾವನನ್ನು ಬೇಕಂತಲೇ ಜೊತೆಗೆ ಹೊರಡಿಸಿದ್ದೆ.

"ಸುಣ್ಣದ ಮಣ್ಣಿನಾಗ ಜಿಂಕ್ ಇದ್ರೂ ಬೇರಿಗೆ ಸಿಗಂಗಿಲ್ರಿ ಯಜಮಾನ್ರ, ಅದು ಸಿಗದಿದ್ರ ಎಲಿ ಹಿಂಗ ಬೆಳ್ಳಗಾಗ್ತಾವು. ಮ್ಯಾಲಿನ ಮಣ್ಣು ಯಾಕ ಕೆರೆಸಿದ್ರಿ?" ಎಂದು ಅಲ್ಲಿನ ಮೇಡಂ ಕೇಳಿದರು. ಮಾವ ತಮ್ಮ ಚಪ್ಪಲಿ ನೋಡಿಕೊಂಡರು. ನಾನು ಅವರ ಮುಖವನ್ನು ಕಣ್ತುಂಬ ನೋಡಿದೆ.

ಹೊಲಕ್ಕೆ ಇಳಿಯಬೇಡ ಎನ್ನುವ ಬಾಯಿ ಇನ್ನು ಯಾರಿಗೂ ಇರಲಿಲ್ಲ. ಮುಂದಿನ ಬಿತ್ತನೆಗೆ ನಾನೇ ಜಿಂಕ್ ಪುಡಿಯನ್ನು ಕುರಿಗೊಬ್ಬರದಲ್ಲಿ ಬೆರೆಸಿ ಚೆಲ್ಲಿದೆ. ಕೊಟ್ಟೂರು ರಸ್ತೆ ಪಕ್ಕದ ಒಂದು ಪಟ್ಟಿಗೆ ಮಾತ್ರ ಹಾಕದೆ ಬಿಟ್ಟೆ. ಮಾವ ದಿನಾ ಕೂರುವ ಬೇವಿನ ಮರದ ಎದುರಿಗೇ ಅದು. ಹೊಲ ಹಸಿರಾಯಿತು, ಪಟ್ಟಿ ಬೆಳ್ಳಗೇ ಉಳಿಯಿತು. ಸಂತೆಗೆ ಹೋಗುವವರು ಗಾಡಿ ನಿಲ್ಲಿಸಿ, "ಇದೊಂದ್ಯಾಕ ಹಿಂಗೈತ್ರೀ?" ಎಂದು ಕೇಳತೊಡಗಿದರು.

"ಹೇಳ್ರಿ ಮಾವ," ಎನ್ನುತ್ತಿದ್ದೆ ನಾನು, ಬುತ್ತಿ ಬಿಚ್ಚುತ್ತಾ.

"ನಾನ ಮಣ್ಣು ಕೆರೆಸಿ ಕೆಡಿಸೀನಪ್ಪ," ಎನ್ನುತ್ತಿದ್ದರು ಅವರು. ಅವರು ಹೇಳದಿದ್ದರೆ ನಾನು ಹೇಳುತ್ತಿದ್ದೆ, ಇನ್ನೂ ಜೋರಾಗಿ. ಅದು ಅವರಿಗೆ ಗೊತ್ತಿತ್ತು.

ಪ್ರತಿ ವರ್ಷವೂ ಆ ಪಟ್ಟಿ ಬಿಟ್ಟೆ. ಗಂಡನಿಗೇ ಬೇಸರ ಬಂತು. "ಅಪ್ಪಗ ವಯಸ್ಸಾಗೈತಿ, ಸಾಕು ಮಾಡು," ಎಂದ.

"ನಮ್ಮವ್ವ ಬಂದು ನೋಡೋತನಕ ಬಿಡಂಗಿಲ್ಲ," ಎಂದೆ.

ಹೋದ ಮಳೆಗಾಲ ಮಾವ ತಾವೇ ಚಿಗಟೇರಿಗೆ ಹೋಗಿ ಅವ್ವನನ್ನು ಕರೆತಂದರು. ಪಟ್ಟಿಯ ಮುಂದೆ ನಿಂತು, "ತಪ್ಪು ನಂದೈತಿ ಬೀಗ್ತಿ. ನಿಮ್ಮ ಮಗಳ ಕಾಲಿಂದಲ್ಲ," ಎಂದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಆಗಿದ್ದಾತು ಬಿಡ್ರಿ ಬೀಗರ," ಎಂದಳು. ಅವಳ ಗುಣವೇ ಅಂಥದ್ದು.

ಈ ವರ್ಷ ಬಿತ್ತುವಾಗ ಮಾವ ಜಿಂಕಿನ ಬುಟ್ಟಿ ಹಿಡಿದು ಪಟ್ಟಿಯ ಹತ್ತಿರ ಕಾಯುತ್ತಿದ್ದರು. "ಈಗ ಹಾಕ್ಲೇನವ್ವಾ?" ಎಂದು ಕೇಳಿದರು.

"ಅವ್ವ ಬಿಟ್ಟಾಳ್ರಿ ಮಾವ. ನಾ ಇನ್ನೂ ಬಿಟ್ಟಿಲ್ಲ," ಎಂದು ಬುಟ್ಟಿ ಇಸಿದುಕೊಂಡೆ.