ಇಸ್ತ್ರಿ ಅಕ್ಕನ ಎಡಗಾಲು

ನಮ್ಮ ಬೀದಿಯ ಇಸ್ತ್ರಿ ಅಕ್ಕ ಎರಡು ವರ್ಷ ಎಡಗಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ಓಡಾಡಿದಳು. ಯಾರಾದರೂ ಕೇಳಿದರೆ, "ಇನ್ನೊಂದನ್ನ ಇಲಿ ಎಳ್ಕೊಂಡು ಹೋಯ್ತು" ಅನ್ನುತ್ತಿದ್ದಳು. ಕೇಳಿದವರು ನಗುತ್ತಾ ಬಟ್ಟೆಯ ಗಂಟು ಇಳಿಸಿ ಹೋಗುತ್ತಿದ್ದರು. ನಾನೂ ನಕ್ಕವನೇ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎತ್ತರದ ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ಗೋಡೆಯುದ್ದಕ್ಕೂ ಹ್ಯಾಂಗರು. ಬೆಳಿಗ್ಗೆ ಏಳಕ್ಕೆ ಮೇಜಿನ ಮುಂದೆ ನಿಂತರೆ ಊಟದ ಹೊತ್ತಿಗೆ ಕೂರುತ್ತಿದ್ದಳು. ಮತ್ತೆ ನಿಂತರೆ ಸಂಜೆಯವರೆಗೂ ನಿಂತೇ ಇರುತ್ತಿದ್ದಳು. ಹೀಗೆ ಮೂವತ್ತೊಂದು ವರ್ಷ. ಅವಳು ಮಡಿಸಿಕೊಟ್ಟ ಅಂಗಿಯನ್ನು ಬಿಚ್ಚಲು ಮನಸ್ಸು ಬರುತ್ತಿರಲಿಲ್ಲ.

ಒಂದು ದಿನ ಮೇಜಿನ ಕಾಲಿನ ಮೊಳೆ ಅವಳ ಎಡ ಪಾದದ ಗಂಟಿನ ಮೇಲೆ ಗೀರಿತು. ಉಗುರಿನಷ್ಟು ಗಾಯ. ಅದರ ಸುತ್ತಲಿನ ಚರ್ಮ ಮೊದಲೇ ಕಂದಿ, ತುರಿಸುತ್ತಿತ್ತು. ವಾರದಲ್ಲಿ ಒಣಗಬೇಕಾದದ್ದು ಒಣಗಲಿಲ್ಲ. ಎರಡು ತಿಂಗಳಿಗೆ ಅಂಗೈಯ ಅರ್ಧದಷ್ಟಾಗಿ, ನೀರು ಸೋರತೊಡಗಿತು.

ಮೊದಲು ಹೋದದ್ದು ಬೀದಿ ತುದಿಯ ಡಾಕ್ಟರ ಹತ್ತಿರ. ಒಳ್ಳೆಯ ಮನುಷ್ಯ, ಆದರೆ ಹೊರಗೆ ಯಾವಾಗಲೂ ಇಪ್ಪತ್ತು ಜನ. ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಇಲ್ಲ ಅಂದರು. ಮುಲಾಮು ಬರೆದುಕೊಟ್ಟರು. ಕಾಂಪೌಂಡರ್ ದಿನ ಬಿಟ್ಟು ದಿನ ಪಟ್ಟಿ ಬದಲಿಸುತ್ತಿದ್ದ. ಒಣಗಿ ಅಂಟಿದ ಬಟ್ಟೆಯನ್ನು ಅವನು ಸರ್ರೆಂದು ಎಳೆದರೆ ಅಕ್ಕನ ಜೀವ ಬಾಯಿಗೆ ಬರುತ್ತಿತ್ತು. "ಆಯ್ತಕ್ಕ, ಆಯ್ತು" ಅನ್ನುತ್ತಲೇ ಮುಂದಿನವರನ್ನು ಕರೆಯುತ್ತಿದ್ದ. ಎಂಟು ತಿಂಗಳು ಹೀಗೇ ಆಯಿತು.

ಅಷ್ಟರಲ್ಲಿ ವಾಸನೆ ಶುರುವಾಗಿತ್ತು. ಅಕ್ಕ ಮೇಜಿನ ಕೆಳಗೆ ಬಿಚ್ಚಿದ ಸೋಪು ಇಟ್ಟಳು. ಬಟ್ಟೆಗೆ ಚಿಮುಕಿಸುವ ನೀರಿಗೆ ಸೆಂಟು ಬೆರೆಸಿದಳು. ಆದರೂ ಒಮ್ಮೆ ಮೇಷ್ಟ್ರೊಬ್ಬರು ತಮ್ಮ ಅಂಗಿಯನ್ನು ಮೂಗಿನ ಹತ್ತಿರ ಹಿಡಿದು, ಹಾಗೇ ಮಡಿಸಿಕೊಂಡು ಹೋದರು. ಆ ವಾರ ಅವರ ಬಟ್ಟೆ ಬರಲಿಲ್ಲ. ಅಕ್ಕ ಇಸ್ತ್ರಿಪೆಟ್ಟಿಗೆ ಆರಿಸಿ ಒಳಗೆ ಹೋಗಿ ಗಂಡನ ಮುಂದೆ ಕುಳಿತಳು. "ನನ್ನ ಕಾಲು ನನಗೇ ಅಸಹ್ಯ ಆಗ್ತಿದೆ ಕಣ್ರೀ" ಅಂದಳು. ಆಗಲೇ ಅವಳು ಅತ್ತದ್ದು.

ಗಂಡ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು. ಮರುದಿನವೇ ಅವಳನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದ.

ಅಲ್ಲಿ ಹನ್ನೊಂದು ದಿನ. ಕಾಲನ್ನು ಎರಡು ದಿಂಬಿನ ಮೇಲೆತ್ತಿ ಮಲಗಿಸಿದರು. ಮದುವೆಯಾದಾಗಿನಿಂದ ಹಗಲು ಹೊತ್ತು ಮಲಗದವಳು ಅಲ್ಲಿ ಮಗುವಿನ ಹಾಗೆ ನಿದ್ದೆ ಹೊಡೆದಳು. ಪಕ್ಕದ ಮಂಚದವರ ಜೊತೆ ಹರಟಿದಳು. ಗಾಯ ಕಣ್ಣೆದುರೇ ಕಿರಿದಾಯಿತು. ಒಂದೇ ತೊಂದರೆ ಅಂದರೆ ದಿನಕ್ಕೊಬ್ಬರು ಪಟ್ಟಿ ಕಟ್ಟುತ್ತಿದ್ದರು. ಒಬ್ಬರು "ಒದ್ದೆಯಾಗಿರಬೇಕು" ಅಂದರೆ, ಇನ್ನೊಬ್ಬರು "ಗಾಳಿ ಆಡಲಿ" ಅಂತ ಬಿಚ್ಚಿಡುತ್ತಿದ್ದರು. "ನಿನ್ನೆಗಿಂತ ಹೇಗಿದೆ ಸಿಸ್ಟರ್?" ಅಂತ ಅಕ್ಕ ಕೇಳಿದರೆ, "ನಿನ್ನೆ ನಾನಿರಲಿಲ್ಲವಲ್ಲಮ್ಮ" ಎನ್ನುವುದೇ ಉತ್ತರ.

ಮನೆಗೆ ಬಂದು ಮೇಜಿನ ಮುಂದೆ ನಿಂತಳು. ಇಪ್ಪತ್ತನೇ ದಿನಕ್ಕೆ ಗಾಯ ಮತ್ತೆ ಬಾಯಿ ಬಿಟ್ಟಿತು.

"ಆಸ್ಪತ್ರೇಲಿ ವಾಸಿಯಾಗ್ತಿತ್ತು. ಮತ್ತೆ ಅಲ್ಲಿಗೇ ಹೋಗೋಣ" ಎಂದ ಗಂಡ.

ಸೊಸೆ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು, ಮಾತಿನಲ್ಲಿ ಚುರುಕು. "ಹೌದು ಮಾವ, ಅಲ್ಲೇ ಒಂದು ಮನೆ ಬಾಡಿಗೆಗೆ ನೋಡಿಬಿಡೋಣ" ಅಂದಳು. ನಕ್ಕ ಮೇಲೆ ಅವಳೇ ವಿಚಾರಿಸಿ, ಆರೋಗ್ಯ ಕೇಂದ್ರದ ಹಿಂಭಾಗದಲ್ಲಿ ವಾರಕ್ಕೆರಡು ದಿನ ಹಳೆಯ ಗಾಯಗಳನ್ನೇ ನೋಡುವ ಕ್ಲಿನಿಕ್ ಇದೆ ಎಂದು ತಿಳಿದುಬಂದಳು.

ಮೊದಲು ಔಷಧಿ ಇಡುವ ಉಗ್ರಾಣವಾಗಿದ್ದ ಕೋಣೆ ಅದು. ಒಂದು ಮಂಚ, ಒಂದು ಬಕೆಟ್, ಕಿಟಕಿ ಪಕ್ಕ ಬೀರು. ಇದ್ದವಳು ಒಬ್ಬಳೇ ಸಿಸ್ಟರ್, ನಡುವಯಸ್ಸಿನವಳು, ಅವಸರವೇ ಇಲ್ಲದವಳು. ಬೆಚ್ಚಗಿನ ನೀರು ಹನಿಸಿ ಹನಿಸಿ ಹಳೆಯ ಪಟ್ಟಿಯನ್ನು ನೆನೆಸಿ ಬಿಡಿಸಿದಳು. ನೋವೇ ಆಗಲಿಲ್ಲ. ಗಾಯದ ಮೇಲೆ ಪಾರದರ್ಶಕ ಹಾಳೆ ಹಿಡಿದು, ಪೆನ್ನಿನಿಂದ ಅಂಚು ಬರೆದುಕೊಂಡು ತಾರೀಖು ಹಾಕಿದಳು. ಆಮೇಲೆ ಕೇಳಿದಳು:

"ಅಕ್ಕ, ದಿನಕ್ಕೆ ಎಷ್ಟು ಹೊತ್ತು ನಿಂತಿರ್ತೀರಿ?"

ಅಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಹತ್ತು ಗಂಟೆ... ಹನ್ನೆರಡೂ ಆಗುತ್ತೆ" ಎಂದಳು ಅಕ್ಕ, ತಪ್ಪೊಪ್ಪಿಕೊಂಡವಳಂತೆ.

ಸಿಸ್ಟರ್ ಪುಟ್ಟ ಯಂತ್ರವೊಂದನ್ನು ಪಾದಕ್ಕೆ ಒತ್ತಿ ರಕ್ತ ಹರಿಯುವ ಸದ್ದು ಕೇಳಿಸಿದಳು. ರಕ್ತ ಕೆಳಗೆ ಸರಿಯಾಗಿಯೇ ಇಳಿಯುತ್ತಿದೆ, ಮೇಲಕ್ಕೆ ಹತ್ತುವಾಗ ಸೋಲುತ್ತಿದೆ, ನಿಂತಷ್ಟೂ ಕಾಲಲ್ಲೇ ತುಂಬಿಕೊಳ್ಳುತ್ತದೆ ಎಂದು ವಿವರಿಸಿದಳು. "ಮುಲಾಮು ಎಷ್ಟು ಹಚ್ಚಿದರೂ ಅಷ್ಟೇ. ಬಿಗಿಯಾಗಿ ಕಟ್ಟಿದರೆ ರಕ್ತ ಮೇಲೇರುತ್ತೆ." ಬೆರಳ ಬುಡದಿಂದ ಮೊಣಕಾಲಿನವರೆಗೆ ಪದರ ಪದರವಾಗಿ ಪಟ್ಟಿ ಸುತ್ತಿದಳು.

ಮುಂದಿನ ಹತ್ತು ವಾರಗಳಲ್ಲಿ ಹಾಳೆಯ ಮೇಲಿನ ಗೆರೆ ಒಳಸರಿಯುತ್ತಾ ಬಂತು. ಗಂಡ ಆ ಹಾಳೆಗಳ ನಕಲು ತೆಗೆದು, ಕಾಗದ ವಿಂಗಡಿಸುತ್ತಿದ್ದ ಶಿಸ್ತಿನಲ್ಲೇ ಕಡತ ಮಾಡಿದ. ಆದರೆ ಕ್ಲಿನಿಕ್ಕಿಗೆ ಎರಡು ಬಸ್ಸು ಬದಲಿಸಬೇಕು. ಬಸ್ಸಿನಲ್ಲಿ ನಿಂತು, ಅಲ್ಲಿ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಮೂರು ಗಂಟೆ ಕಾದು ಬರುವಷ್ಟರಲ್ಲಿ ಕಾಲು ಕಂಬದಂತಾಗುತ್ತಿತ್ತು. ಶಾಲೆ ಶುರುವಾಗುವ ದಿನಗಳು ಬಂದವು, ಸಮವಸ್ತ್ರಗಳ ರಾಶಿ ಬಿತ್ತು. ಅಕ್ಕ ಎರಡು ಸರದಿ ತಪ್ಪಿಸಿದಳು.

ಮೂರನೇ ಸರದಿಯ ದಿನ ಸಿಸ್ಟರೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಕ್ಕನಿಗೆ ನಾಚಿಕೆಯಾಯಿತು. ಸಿಸ್ಟರ್ ಬೈಯಲಿಲ್ಲ. ಕೋಣೆಯನ್ನು ಸುತ್ತ ನೋಡಿ, "ಈ ಮೇಜು ಇಷ್ಟು ಎತ್ತರ ಯಾಕೆ?" ಅಂದಳು.

"ಕೊಂಡಾಗಿನಿಂದ ಹಾಗೇ ಇದೆ."

ಗಂಡ ಅಂದೇ ಸಂಜೆ ಗರಗಸ ತಂದು ಮೇಜಿನ ನಾಲ್ಕೂ ಕಾಲುಗಳನ್ನು ಕತ್ತರಿಸಿದ. ಒಂದು ಕಾಲು ಗಿಡ್ಡವಾಗಿ, ಅದರಡಿಗೆ ಹಲಗೆಯ ಚೂರು ಕೊಡಬೇಕಾಯಿತು. ಅಕ್ಕ ಕುಳಿತು ಇಸ್ತ್ರಿ ಮಾಡುವುದನ್ನು ಕಲಿತಳು. ಮೊದಲ ವಾರ ಕಾಲರುಗಳೆಲ್ಲ ಸೊಟ್ಟ. ನನ್ನ ಅಂಗಿಯೂ ಒಂದು ಅದರಲ್ಲಿತ್ತು.

ಅಲ್ಲಿಂದಾಚೆ ತಿಂಗಳಿಗೊಮ್ಮೆ ಕ್ಲಿನಿಕ್, ವಾರಕ್ಕೊಮ್ಮೆ ಸಿಸ್ಟರ್ ಮನೆಗೆ, ನಡುವೆ ಬೇಕಾದಾಗ ಸೊಸೆಯೇ ಕಟ್ಟುವುದು ಅಂತಾಯಿತು. ಸೊಸೆ ಕಟ್ಟಿದ ಪಟ್ಟಿ ಮಧ್ಯಾಹ್ನಕ್ಕೆಲ್ಲ ಜಾರಿ ಪಾದದ ಹತ್ತಿರ ಕುಪ್ಪೆಯಾಗುತ್ತಿತ್ತು. "ಕೊಡಿಲ್ಲಿ" ಅಂತ ಅಕ್ಕ ತಾನೇ ಕಟ್ಟಿಕೊಂಡಳು. ಬಟ್ಟೆಯನ್ನು ಎಷ್ಟು ಎಳೆದರೆ ಎಷ್ಟು ಹಿಗ್ಗುತ್ತದೆ ಎಂಬುದು ಅವಳ ಬೆರಳುಗಳಿಗೆ ಗೊತ್ತಿತ್ತು. ಒಂದು ಸುಕ್ಕೂ ಇಲ್ಲ. ಸಿಸ್ಟರ್ ಬಂದು ಬೆರಳಾಡಿಸಿ ನೋಡಿ, "ನನಗಿಂತ ಚೆನ್ನಾಗಿದೆ" ಅಂದಳು. ಅಕ್ಕ ಆ ಮಾತನ್ನು ಇಡೀ ಬೀದಿಗೆ ಹೇಳಿದಳು.

ಮನೆಯಲ್ಲೇ ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ಚಳಿಜ್ವರ ಬಂತು. ಅಕ್ಕ ಮಾತ್ರೆ ನುಂಗಿ ಮಲಗುವವಳಿದ್ದಳು. ಪಟ್ಟಿ ಬಿಚ್ಚಿದ ಸೊಸೆಗೆ ಗಾಯದಾಚೆ ಕೆಂಪು ಬಣ್ಣ ಮೊಣಕಾಲಿನತ್ತ ಹಬ್ಬಿರುವುದು ಕಂಡಿತು. ಮುಟ್ಟಿದರೆ ಬಿಸಿ. ಫೋನಿನಲ್ಲಿ ಸಿಸ್ಟರ್ ಹೇಳಿದ್ದು ಒಂದೇ ಮಾತು: "ನಾನು ಬರೋದು ಬೇಡ, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ." ಐದು ದಿನ ಮತ್ತೆ ದೊಡ್ಡ ಆಸ್ಪತ್ರೆ, ಸೂಜಿಯ ಮೂಲಕ ಔಷಧಿ. ಈ ಸಲ ಗಂಡ ಕಡತ ಹಿಡಿದುಕೊಂಡೇ ಹೋಗಿದ್ದ. ಪಟ್ಟಿ ಕಟ್ಟಲು ಬಂದವರಿಗೆಲ್ಲ ಹಾಳೆಗಳನ್ನು ತೋರಿಸಿ, "ಇದು ಹೋದ ವಾರ, ಇದು ಅದರ ಹಿಂದಿನ ವಾರ" ಅನ್ನುತ್ತಿದ್ದ. ಮೊದಲು ಮೂಗು ಮುರಿದ ಡಾಕ್ಟರು ಮೂರನೇ ದಿನ ತಾವೇ "ಕಡತ ಎಲ್ಲಿ?" ಅಂತ ಕೇಳಿದರಂತೆ.

ಸೋಂಕು ಇಳಿಯಿತು. ಕ್ಲಿನಿಕ್ಕಿಗೆ ಹೋಗತೊಡಗಿ ಎಂಟನೇ ತಿಂಗಳು ಸಿಸ್ಟರ್ ಹಾಳೆ ಹಿಡಿದು, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದಳು. ಬರೆಯಲು ಏನೂ ಇರಲಿಲ್ಲ. ಗುಲಾಬಿ ಬಣ್ಣದ, ಈರುಳ್ಳಿ ಸಿಪ್ಪೆಯಷ್ಟು ತೆಳು ಚರ್ಮ. ಅಕ್ಕ ಬಗ್ಗಿ ತನ್ನ ಕಾಲನ್ನು ತಾನೇ ಮುಟ್ಟಿ ನೋಡಿಕೊಂಡಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ಈಗ ಅವಳು ಬಿಗಿಯ ಕಾಲುಚೀಲವನ್ನು ಎರಡೂ ಕಾಲಿಗೆ ಹಾಕುತ್ತಾಳೆ. ನಡುವೆ ಒಮ್ಮೆ ಅದೇ ಜಾಗ ಸಾಸಿವೆಯಷ್ಟು ಒಡೆದಾಗ, ಸಮವಸ್ತ್ರದ ರಾಶಿಯನ್ನು ಬಿಟ್ಟು ಅವತ್ತೇ ಹೋಗಿ ತೋರಿಸಿಕೊಂಡು ಬಂದಳು. ತಿಂಗಳಿಗೊಂದು ಬುಧವಾರ ಕ್ಲಿನಿಕ್ಕಿನಲ್ಲಿ ಕುಳಿತು, ಹೊಸಬರ ಮನೆಯವರಿಗೆ ಪಟ್ಟಿ ಸುತ್ತುವುದನ್ನು ಹೇಳಿಕೊಡುತ್ತಾಳೆ. ಸಿಸ್ಟರೇ ಕೇಳಿಕೊಂಡದ್ದು.

ಹೋದ ತಿಂಗಳು ಅವಳ ಜೊತೆ ನಾನೂ ಹೋಗಿದ್ದೆ. ಬೆಂಚಿನ ಮೇಲಿದ್ದ ಲಾರಿ ಚಾಲಕನೊಬ್ಬ ಅವಳನ್ನು ಕೇಳಿದ:

"ಅಕ್ಕ, ಆಸ್ಪತ್ರೆಗೆ ಸೇರೋದು ಒಳ್ಳೇದಾ, ಮನೇಲೇ ನೋಡ್ಕೊಳ್ಳೋದು ಒಳ್ಳೇದಾ?"

ಅಕ್ಕ ಅವನತ್ತ ತಿರುಗಿದಳು. "ಜ್ವರ ಬಂದ್ರೆ ಆಸ್ಪತ್ರೆ. ಇಲ್ಲದಿದ್ರೆ ಮನೆ, ಆದ್ರೆ ಗಾಯ ನಿನ್ನೆ ಹೇಗಿತ್ತು ಅಂತ ಗೊತ್ತಿರೋರು ಒಬ್ಬರು ಬಂದು ನೋಡ್ತಿರ್ಬೇಕು. ನನಗೆ ಎಲ್ಲಾನೂ ಬೇಕಾಯ್ತು ಕಣಪ್ಪ." ಆಮೇಲೆ ಅವನ ಊದಿದ ಪಾದ ನೋಡಿ ಗದರಿದಳು: "ಮೊದಲು ಆ ಕಾಲನ್ನ ಮೇಲಕ್ಕೆ ಇಡು."

ಅವನು ಸುತ್ತ ನೋಡಿದ. ಖಾಲಿ ಜಾಗ ಇರಲಿಲ್ಲ. ನಾನು ಎದ್ದು ನನ್ನ ಕುರ್ಚಿಯನ್ನು ಅವನ ಮುಂದಕ್ಕೆ ತಳ್ಳಿದೆ.